ಒಂದು ವರ್ಷದ ಮೇಷ್ಟ್ರು ಊರಿಗೆ ಮರಳುವಾಗ

ವಿದೇಶಕ್ಕೆ ಹೊರಟು ನಿಂತವರಿಗೆ ಬುದ್ಧಿ ಹೇಳಲು ಬೀದಿಗೆ ಹತ್ತು ಮಂದಿ ಸಿಗುತ್ತಾರೆ. ಯಾವ ಸ್ವೆಟರ್ ಕೊಳ್ಳಬೇಕು, ಉಪ್ಪಿನಕಾಯಿ ಡಬ್ಬಿಯನ್ನು ಪೆಟ್ಟಿಗೆಯ ಯಾವ ಮೂಲೆಯಲ್ಲಿಡಬೇಕು, ಎಲ್ಲಕ್ಕೂ ಸಲಹೆ ಉಂಟು. ಅದೇ ವ್ಯಕ್ತಿ ವರ್ಷ ಮುಗಿಸಿ ಹಿಂದಿರುಗುವಾಗ ಕೇಳುವವರಿಲ್ಲ. ಸ್ವಂತ ಊರಿಗೆ ಬರಲು ಎಂಥ ತಯಾರಿ ಎಂಬ ಭಾವನೆ. ಪದವಿ ಮುಗಿಸಿ, ಪರದೇಶದ ಶಾಲೆಯಲ್ಲಿ ಒಂದು ವರ್ಷ ಪಾಠ ಹೇಳಿ ಬರುವ ತರುಣ ತರುಣಿಯರ ಮಟ್ಟಿಗೆ ಈ ಭಾವನೆ ಸರಿಯಲ್ಲ. ಒಂದು ವರ್ಷವೆಂಬ ಅವಧಿಯೇ ವಿಚಿತ್ರವಾದದ್ದು.

ಜಪಾನಿನ ಉದಾಹರಣೆ ನೋಡಬಹುದು. ಅಲ್ಲಿನ ಶಾಲೆಗಳಲ್ಲಿ ಇಂಗ್ಲಿಷ್ ಪಾಠಕ್ಕೆ ನೆರವಾಗಲು ಹೊರದೇಶದ ಪದವೀಧರರನ್ನು ಕರೆಸಿಕೊಳ್ಳುವ ‘ಜೆಟ್’ ಎಂಬ ಯೋಜನೆ 1987ರಲ್ಲಿ ಆರಂಭವಾಯಿತು. ಮೊದಲ ವರ್ಷ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಿಂದ ಬಂದವರು 848 ಮಂದಿ. ಈಗ ಅದರಲ್ಲಿ 5,000ಕ್ಕೂ ಹೆಚ್ಚು ಮಂದಿ ಇದ್ದಾರೆ. ಬೆರಳೆಣಿಕೆಯ ಭಾರತೀಯರಿಗೂ ಅವಕಾಶ ಸಿಕ್ಕಿದೆ. ಒಪ್ಪಂದ ಒಂದು ವರ್ಷದ್ದು. ಎರಡೂ ಕಡೆ ಒಪ್ಪಿಗೆಯಾದರೆ ಒಟ್ಟು ಐದು ವರ್ಷದವರೆಗೆ ಮುಂದುವರಿಸಬಹುದು.

ಇಲ್ಲೊಂದು ತೊಡಕಿದೆ. ಜಪಾನಿನ ಶಾಲೆಗಳು ಏಪ್ರಿಲ್‌ನಲ್ಲಿ ಶುರುವಾಗಿ ಮಾರ್ಚ್‌ನಲ್ಲಿ ಮುಗಿಯುತ್ತವೆ. ಈ ಸಹಾಯಕ ಶಿಕ್ಷಕರಲ್ಲಿ ಹೆಚ್ಚಿನವರು ಬಂದಿಳಿಯುವುದು ಜುಲೈ ಕೊನೆಗೆ, ಇಲ್ಲವೆ ಆಗಸ್ಟ್‌ನಲ್ಲಿ. ಬರುವುದೂ ನಡುವೆ, ಹೋಗುವುದೂ ನಡುವೆ. ಏಪ್ರಿಲ್‌ನಲ್ಲಿ ಸೇರಿದ ಹೊಸ ಮಕ್ಕಳ ಹೆಸರು ನಾಲಿಗೆಗೆ ಹೊಂದಿಕೊಂಡು, ಕೊನೆಯ ಸಾಲಿನ ಹುಡುಗ ಒಂದು ಪ್ರಶ್ನೆ ಕೇಳುವ ಧೈರ್ಯ ಮಾಡುವ ಹೊತ್ತಿಗೆ ಬೇಸಿಗೆ ರಜೆ ಬಂದಿರುತ್ತದೆ. ಇನ್ನೊಂದು ವರ್ಷ ಉಳಿಯುವಿರಾ ಎಂದು ಆಡಳಿತದವರು ಕೇಳುವುದಾದರೂ ಯಾವಾಗ? ನಡುಚಳಿಗಾಲದಲ್ಲಿ. ಒಂದೇ ಕೋಣೆ ಬೆಚ್ಚಗಿಟ್ಟುಕೊಂಡು, ಮನೆಯ ಸಾರಿನ ವಾಸನೆ ನೆನೆಯುತ್ತ ಕೂರುವ ತಿಂಗಳುಗಳವು. ಫೆಬ್ರುವರಿ ಹೊತ್ತಿಗೆ ‘ಇಲ್ಲ’ ಎಂದು ಬರೆದುಕೊಟ್ಟು, ಜೂನ್‌ನಲ್ಲಿ ಪರಿತಪಿಸಿದರೆ ಪ್ರಯೋಜನವಿಲ್ಲ.

ಇದು ಬರೀ ಹವಾಮಾನದ ದೋಷವಲ್ಲ. ಅಮೆರಿಕಕ್ಕೆ ಫುಲ್‌ಬ್ರೈಟ್ ನೆರವಿನಿಂದ ಹೋಗಿಬಂದ ಸುಮಾರು 200 ನಾರ್ವೆ ಪ್ರಜೆಗಳನ್ನು ಮಾತನಾಡಿಸಿ, ಸಮಾಜಶಾಸ್ತ್ರಜ್ಞ ಸ್ವೆರ್ರೆ ಲಿಸ್ಗಾರ್ಡ್ 1955ರಲ್ಲಿ ಒಂದು ಲೇಖನ ಪ್ರಕಟಿಸಿದರು. ಆರು ತಿಂಗಳೊಳಗೆ ಮರಳಿದವರು ಅಲ್ಲಿ ಸುಖವಾಗಿದ್ದರು. ಹದಿನೆಂಟು ತಿಂಗಳು ದಾಟಿದವರೂ ಹೊಂದಿಕೊಂಡಿದ್ದರು. ಇವೆರಡರ ನಡುವಿನವರೇ ಹೆಚ್ಚು ಪೇಚಾಡಿದವರು. ಗೆರೆ ಎಳೆದರೆ ಇಂಗ್ಲಿಷಿನ ‘ಯು’ ಅಕ್ಷರದ ಆಕಾರ. ಒಂದು ವರ್ಷಕ್ಕೆ ಮರಳುವವರು ಈ ಹಳ್ಳದ ತಳದ ಆಸುಪಾಸಿನಲ್ಲಿದ್ದಾಗಲೇ ಗಂಟುಮೂಟೆ ಕಟ್ಟುತ್ತಾರೆಂದಾಯಿತು. ಹಾಗೆ ಬಂದವರು ಆ ದೇಶದ ಬಗ್ಗೆ ಹೇಳುವ ತೀರ್ಪನ್ನು ಸ್ವಲ್ಪ ರಿಯಾಯಿತಿ ಕೊಟ್ಟೇ ಕೇಳಬೇಕು. ಎಲ್ಲರಿಗೂ ಇದೇ ಗೆರೆ ಹೊಂದುತ್ತದೆಂದಲ್ಲ. ಆಮೇಲಿನ ಸಂಶೋಧಕರು ಇದನ್ನು ಸಾಕಷ್ಟು ಪ್ರಶ್ನಿಸಿದ್ದಾರೆ.

ತಂದೆತಾಯಿಗಳು ಗಮನಿಸಬೇಕಾದದ್ದು ಮುಂದಿನ ಭಾಗ. 1963ರಲ್ಲಿ ಜಾನ್ ಮತ್ತು ಜೀನ್ ಗುಲ್ಲಾಹಾರ್ನ್ ದಂಪತಿ, ಊರಿಗೆ ಮರಳಿದ ಮೇಲೆ ಇಂಥದೇ ಇನ್ನೊಂದು ಹಳ್ಳ ಬರುತ್ತದೆಂದು ತೋರಿಸಿದರು. ‘ಯು’ ಹೋಗಿ ‘ಡಬ್ಲ್ಯು’ ಆಯಿತು. ಮಗಳು ಮನೆ ಸೇರಿದಳು, ಇನ್ನು ಎಲ್ಲ ಸರಿಹೋಯಿತು ಎಂದು ಅಮ್ಮ ಹೋಳಿಗೆಗೆ ಬೇಳೆ ಬೇಯಿಸುತ್ತಿರುವಾಗಲೇ ಮಗಳಿಗೆ ಮನೆ ಅಪರಿಚಿತವೆನಿಸಬಹುದು. ನೆಂಟರು ಎರಡು ದಿನ ಕುತೂಹಲದಿಂದ ಕೇಳುತ್ತಾರೆ, ಮೂರನೆಯ ದಿನ ‘ಮುಂದೇನು, ಕೆಲಸವೋ ಮದುವೆಯೋ’ ಎಂಬಲ್ಲಿಗೆ ಮಾತು ಬರುತ್ತದೆ. ಅವಳು ಸಿಡುಕಿದರೆ ಅದು ಪರದೇಶದ ಕೊಬ್ಬಲ್ಲ. ಆ ಪ್ರಶ್ನೆಯನ್ನು ಒಂದೆರಡು ತಿಂಗಳು ಮುಂದೂಡುವುದರಿಂದ ಯಾರಿಗೂ ನಷ್ಟವಿಲ್ಲ.

ಇದು ಮನಸ್ಸಿನ ಮಾತಾಯಿತು. ಕಾಗದಪತ್ರದ ಮಾತು ಬೇರೆ. ಒಪ್ಪಂದ ಪೂರ್ತಿ ಮುಗಿಸಿದವರಿಗೆ ಮರಳುವ ವಿಮಾನದ ಟಿಕೆಟ್ ಸಿಗುತ್ತದೆ, ಆದರೆ ಒಂದು ತಿಂಗಳೊಳಗೆ ಹೊರಡಬೇಕು. ಊರಿನ ಪುರಸಭೆಗೆ ಹೋಗಿ ವಾಸ ಬಿಡುತ್ತಿರುವುದಾಗಿ ಬರೆದುಕೊಡಬೇಕು. ಹಳೆಯ ಹಾಸಿಗೆ, ಮೇಜುಗಳನ್ನು ರಾತ್ರೋರಾತ್ರಿ ರಸ್ತೆಬದಿಗಿಡುವ ಹಾಗಿಲ್ಲ: ಎಷ್ಟೋ ಊರುಗಳಲ್ಲಿ ಮೊದಲೇ ದಿನ ಗೊತ್ತುಮಾಡಿ, ಹಣ ಕೊಟ್ಟು ಚೀಟಿ ತಂದು ಅಂಟಿಸಬೇಕು. ಕಸ ಎಸೆಯಲು ದುಡ್ಡು ಕೊಡುವುದೆಂದರೆ ನಮ್ಮ ಗುಜರಿಯವರು ನಕ್ಕಾರು.

ಹಲವರು ಕೈಬಿಡುವುದು ಪಿಂಚಣಿಯ ಹಣವನ್ನು. ತಿಂಗಳ ಸಂಬಳದಲ್ಲಿ ಪಿಂಚಣಿಯ ವಂತಿಗೆ ಕಡಿತವಾಗುತ್ತದೆ. ಕನಿಷ್ಠ ಆರು ತಿಂಗಳು ವಂತಿಗೆ ತೆತ್ತ ವಿದೇಶಿಯರು, ಜಪಾನ್ ಬಿಟ್ಟ ಎರಡು ವರ್ಷದೊಳಗೆ ಅರ್ಜಿ ಹಾಕಿದರೆ ಒಂದು ಇಡುಗಂಟು ಸಿಗುತ್ತದೆ. ಅದರಲ್ಲಿ ಶೇಕಡ 20.42ರಷ್ಟು ತೆರಿಗೆ ಮುರಿದುಕೊಳ್ಳುತ್ತಾರೆ. ಈ ತೆರಿಗೆಯನ್ನು ಮರಳಿ ಕೇಳಲು ಜಪಾನಿನಲ್ಲೇ ವಾಸವಿರುವ ಒಬ್ಬರನ್ನು ತೆರಿಗೆ ಪ್ರತಿನಿಧಿಯಾಗಿ ನೇಮಿಸಬೇಕು. ಹೊರಡುವ ಮುನ್ನ ಸಹೋದ್ಯೋಗಿಯೊಬ್ಬರನ್ನು ಕೇಳಿಕೊಂಡರೆ ಸುಲಭ. ಊರಿಗೆ ಬಂದ ಮೇಲೆ ಪತ್ರ ಬರೆದು ಕೇಳುವುದು ಸಂಕೋಚದ ಕೆಲಸ. ಭಾರತ ಮತ್ತು ಜಪಾನ್ ನಡುವಿನ ಸಾಮಾಜಿಕ ಭದ್ರತಾ ಒಪ್ಪಂದ 2016ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಇಡುಗಂಟು ಪಡೆದರೆ ಆ ತಿಂಗಳುಗಳು ಪಿಂಚಣಿಯ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ, ಮತ್ತೆ ಜಪಾನಿಗೆ ಹೋಗುವ ಯೋಚನೆಯಿರುವವರು ಅರ್ಜಿಗೆ ಮುನ್ನ ಒಮ್ಮೆ ಯೋಚಿಸಬೇಕು.

ಇಷ್ಟೆಲ್ಲದರ ಗಡಿಬಿಡಿಯಲ್ಲಿ ಶಾಲೆ ಹಿಂದೆ ಬೀಳುತ್ತದೆ. ವರ್ಗವಾಗುವ ಜಪಾನಿ ಶಿಕ್ಷಕರಿಗೆ ಮಾರ್ಚ್ ಕೊನೆಯಲ್ಲಿ ಎಲ್ಲರೂ ಸೇರಿದ ಬೀಳ್ಕೊಡುಗೆ ಇರುತ್ತದೆ. ಜುಲೈಯಲ್ಲಿ ಹೊರಡುವ ಪರದೇಶಿ ಒಬ್ಬಂಟಿ. ಅವಧಿ ಮುಗಿಯುವ ದಿನದ ಸಭೆಯಲ್ಲಿ ನಾಲ್ಕು ಮಾತು ಆಡಬೇಕಾಗಬಹುದು. ತಪ್ಪುತಪ್ಪಾದರೂ ಜಪಾನಿಯಲ್ಲೇ ಆಡುವುದು ವಾಸಿ. ಮಕ್ಕಳು ಚೌಕದ ದಪ್ಪ ಕಾಗದವೊಂದರ ಮೇಲೆ ಸುತ್ತಲೂ ಒಂದೊಂದು ಸಾಲು ಬರೆದು ಕೈಗಿಡುವ ರೂಢಿಯೂ ಉಂಟು. ಅದಕ್ಕೆ ಪ್ರತಿಯಾಗಿ ಹೊರಡುವವರು ಬಿಟ್ಟುಹೋಗಬೇಕಾದದ್ದು ಒಂದು ನೋಟ್‌ಪುಸ್ತಕ. ಯಾವ ತರಗತಿಯಲ್ಲಿ ಯಾವ ಆಟ ನಡೆಯಿತು, ಯಾರಿಗೆ ಗಟ್ಟಿಯಾಗಿ ಓದಲು ಹೇಳಿದರೆ ಅಳು ಬರುತ್ತದೆ, ಯಾವ ಪಾಠ ಎಲ್ಲಿಗೆ ನಿಂತಿದೆ ಎಂಬುದನ್ನು ಅದರಲ್ಲಿ ಬರೆದಿಟ್ಟರೆ, ಮುಂದೆ ಬರುವವರು ಕುರುಡುಗಟ್ಟಿ ಶುರುಮಾಡಬೇಕಿಲ್ಲ.

ಕೆಲಸದ ಪ್ರಮಾಣಪತ್ರವನ್ನೂ, ಮುಖ್ಯೋಪಾಧ್ಯಾಯರ ಶಿಫಾರಸು ಪತ್ರವನ್ನೂ ಇಂಗ್ಲಿಷಿನಲ್ಲಿ ಬರೆಸಿ, ಮುದ್ರೆ ಹಾಕಿಸಿ, ಕೈಚೀಲದಲ್ಲಿಟ್ಟುಕೊಂಡೇ ವಿಮಾನ ಹತ್ತಬೇಕು. ಜಪಾನಿನ ಸರ್ಕಾರಿ ಶಾಲೆಗಳಲ್ಲಿ ಕೆಲವು ವರ್ಷಗಳಿಗೊಮ್ಮೆ ವರ್ಗಾವಣೆ ತಪ್ಪದು. ಕೆಲವು ಏಪ್ರಿಲ್‌ಗಳು ಕಳೆದರೆ ಅದೇ ಶಾಲೆಯ ಶಿಕ್ಷಕರ ಕೋಣೆಯಲ್ಲಿ ಈ ಒಂದು ವರ್ಷದ ಮೇಷ್ಟ್ರ ಹೆಸರು ಬಲ್ಲವರು ಅರ್ಧದಷ್ಟೂ ಉಳಿದಿರಲಿಕ್ಕಿಲ್ಲ.