ಹೆಲ್ಮೆಟ್ ಕಾಯದ ತಲೆಯನ್ನು ನಿಯಮ ಕಾಯಬೇಕು

ಕೆನಡಾದಲ್ಲಿ ಐಸ್ ಹಾಕಿ ಬರೀ ಆಟವಲ್ಲ, ರಾಷ್ಟ್ರಾಭಿಮಾನದ ಸಂಗತಿ. ಎದುರಾಳಿಗೆ ಮೈಯಿಂದ ಢಿಕ್ಕಿ ಹೊಡೆದು ರಬ್ಬರಿನ ಬಿಲ್ಲೆಯನ್ನು ಕಸಿದುಕೊಳ್ಳುವ ‘ಬಾಡಿ ಚೆಕಿಂಗ್’ ಅಲ್ಲಿ ನಿಯಮಬದ್ಧ ಕೌಶಲ. ಆದರೆ ಮಕ್ಕಳಿಗೆ ಅದನ್ನು ಯಾವ ವಯಸ್ಸಿನಿಂದ ಅನುಮತಿಸಬೇಕು ಎಂಬುದು ದೀರ್ಘಕಾಲದ ವಿವಾದ.

11–12ರ ವಯಸ್ಸಿನ ಆಟಗಾರರ ಎತ್ತರ, ತೂಕಗಳಲ್ಲಿ ಅಜಗಜಾಂತರವಿರುತ್ತದೆ. ಈ ವಯೋಮಾನದಲ್ಲಿ ಢಿಕ್ಕಿಗೆ ಅವಕಾಶವಿದ್ದ ಆಲ್ಬರ್ಟಾ ಪ್ರಾಂತ್ಯವನ್ನು, ನಿಷೇಧವಿದ್ದ ಕ್ವಿಬೆಕ್‌ನೊಂದಿಗೆ ಹೋಲಿಸಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಆಲ್ಬರ್ಟಾದಲ್ಲಿ ಗಾಯದ ಹಾಗೂ ಮಿದುಳಿನ ಆಘಾತದ ಅಪಾಯ ಮೂರು ಪಟ್ಟಿಗೂ ಅಧಿಕವಾಗಿತ್ತು. ಹೆಲ್ಮೆಟ್ ಎರಡೂ ಕಡೆ ಕಡ್ಡಾಯ. ಅದು ತಲೆಬುರುಡೆಯನ್ನು ಕಾಯಬಲ್ಲದೇ ಹೊರತು, ಢಿಕ್ಕಿಯ ರಭಸಕ್ಕೆ ಒಳಗೆ ಅಲುಗಾಡುವ ಮಿದುಳನ್ನಲ್ಲ.

ಎಳವೆಯಲ್ಲೇ ಕಲಿತರೆ ಮುಂದೆ ಪೆಟ್ಟು ತಪ್ಪುತ್ತದೆ ಎಂಬ ವಾದವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ತಡವಾಗಿ ಢಿಕ್ಕಿ ಕಲಿತ 13–14ರ ಮಕ್ಕಳಲ್ಲಿ ವಾರಕ್ಕೂ ಹೆಚ್ಚು ಕಾಲ ಆಟದಿಂದ ದೂರವಿರಿಸುವ ಗಾಯಗಳು ಹೆಚ್ಚೆಂದು 2011ರ ಅಧ್ಯಯನ ಕಂಡುಕೊಂಡಿತು. ಒಟ್ಟು ಗಾಯಗಳಲ್ಲಿ ಮಾತ್ರ ವ್ಯತ್ಯಾಸವಿರಲಿಲ್ಲ. ಅಂದರೆ ನಿಷೇಧದ ಜೊತೆಗೆ ಕ್ರಮಬದ್ಧ ತರಬೇತಿಯೂ ಬೇಕು.

ಕಿರಿಯರ ಢಿಕ್ಕಿಯನ್ನು 2011ರಲ್ಲಿ ಅಮೆರಿಕವೂ 2013ರಲ್ಲಿ ಕೆನಡಾವೂ ನಿಷೇಧಿಸಿದವು. ಬಳಿಕ ಆಲ್ಬರ್ಟಾದಲ್ಲಿ ಈ ವಯಸ್ಸಿನವರ ಗಾಯಗಳ ಪ್ರಮಾಣ ಅರ್ಧಕ್ಕಿಳಿಯಿತು. ಸಾಧನಗಳಿಗಿಂತ ನಿಯಮವೇ ಹೆಚ್ಚು ಕಾಯುತ್ತದೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೆ?

ಅಪಾಯದ ಅರಿವಿನಿಂದ ಸಮ್ಮತಿಸಿ ಕಣಕ್ಕಿಳಿಯುವ ವೃತ್ತಿಪರನ ಮಾತು ಬೇರೆ. ಮಗು ಹಿರಿಯರು ಬರೆದ ನಿಯಮಕ್ಕೆ ತಲೆಯೊಡ್ಡುತ್ತದೆ. ಆದ್ದರಿಂದ ಅದರ ಹೊಣೆಯೂ ಹಿರಿಯರದೇ.