ನೀರೂ ನೆರೆಯವರೂ

ಭಕ್ತಿಯ ವಿಚಾರವು ಸಭೆಗೆ ಸೇರಿದ್ದು, ಕೆರೆ ಬಾವಿ ಗಿಡಮರಗಳ ವಿಚಾರವು ಸರಕಾರಕ್ಕೂ ರೈತರಿಗೂ ಸೇರಿದ್ದು ಎಂದು ಎಣಿಸುವವರು ನಮ್ಮಲ್ಲಿ ಹಲವರುಂಟು. ಭಾನುವಾರದ ಆರಾಧನೆಗೂ ಸೋಮವಾರ ಬೆಳಿಗ್ಗೆ ನಲ್ಲಿಯ ಮುಂದೆ ನಿಲ್ಲುವ ಕೊಡಗಳ ಸಾಲಿಗೂ ಏನು ಸಂಬಂಧವೆಂದು ಅವರು ಕೇಳುವರು. ಈ ಪ್ರಶ್ನೆಗೆ ಸತ್ಯವೇದವೇ ಉತ್ತರವನ್ನು ಕೊಡುತ್ತದೆಂದು ನಾವು ನಂಬಿದ್ದೇವೆ. ಹೆಣ್ಣುಮಕ್ಕಳ ಈ ಶಾಲೆಯ ಸಂಚಿಕೆಯಲ್ಲಿ ಅದನ್ನು ವಿಚಾರಿಸುವುದು ಉಚಿತವೂ ಆಗಿದೆ. ಏಕೆಂದರೆ ಆ ಉತ್ತರವು ಬಾವಿಯ ಬಳಿಗೆ ಬಂದ ಹೆಣ್ಣುಮಕ್ಕಳ ಕಥೆಯಲ್ಲಿದೆ.

ವಿಮೋಚನಕಾಂಡದ 2ನೆಯ ಅಧ್ಯಾಯವನ್ನು ನಮ್ಮ ವಾಚಕರು ಬಾಲ್ಯದಿಂದಲೇ ಬಲ್ಲರು. ಮಿದ್ಯಾನ್ ದೇಶದ ಯಾಜಕನಿಗೆ ಏಳು ಮಂದಿ ಕುಮಾರಿಯರು. ಅವರು ಬಂದು ನೀರು ಸೇದಿ, ತೊಟ್ಟಿಗಳನ್ನು ತುಂಬಿಸಿದ ಮೇಲೆ, ಕುರುಬರು ಬಂದು ಅವರನ್ನು ಓಡಿಸಿದರು. ದೇಶಭ್ರಷ್ಟನಾಗಿ ಅಲ್ಲಿ ಕುಳಿತಿದ್ದ ಮೋಶೆಯು ಎದ್ದು ಅವರ ಪಕ್ಷವಹಿಸಿ ಅವರ ಮಂದೆಗೆ ನೀರು ಕುಡಿಸಿದನು. ಇಷ್ಟನ್ನು ಎಲ್ಲರೂ ನೆನಪಿನಲ್ಲಿಟ್ಟಿರುತ್ತಾರೆ. ಆದರೆ ಮುಂದಿನ ಒಂದು ಸಣ್ಣ ಸಂಗತಿಯನ್ನು ಗಮನಿಸುವವರು ವಿರಳ. ಮಕ್ಕಳು ಮನೆಗೆ ಬೇಗನೆ ಬಂದುದನ್ನು ಕಂಡು ತಂದೆಯು ಆಶ್ಚರ್ಯಪಟ್ಟನು! ಹಾಗಾದರೆ ತಡವಾಗಿ ಬರುವುದೇ ಅವರ ನಿತ್ಯದ ರೂಢಿಯಾಗಿದ್ದಿರಬೇಕು. ಅವರು ಸೇದಿದ ನೀರನ್ನು ಬಲಿಷ್ಠರು ಕಸಿದುಕೊಳ್ಳುವುದು ಪ್ರತಿದಿನದ ಅನ್ಯಾಯವಾಗಿತ್ತೆಂದೂ, ಮನೆಯವರು ಅದಕ್ಕೆ ಒಗ್ಗಿಹೋಗಿದ್ದರೆಂದೂ ನಮಗೆ ತೋರುತ್ತದೆ. ಫರೋಹನ ಮುಂದೆ ನಿಲ್ಲುವುದಕ್ಕೆ ಬಹುಕಾಲ ಮೊದಲು ಮೋಶೆಯು ಬಾವಿಯ ಬಳಿ ನ್ಯಾಯಕ್ಕಾಗಿ ನಿಂತನೆಂಬುದು ಸಾಮಾನ್ಯ ಸಂಗತಿಯಲ್ಲ.

ಈ ಕಥೆಯು ನಮ್ಮ ದೇಶದಲ್ಲಿ ಇಂದಿಗೂ ನಡೆಯುತ್ತಿರುವುದೆಂಬುದಕ್ಕೆ ಕೋಲಾರ ಸೀಮೆಯು ಒಂದು ನಿದರ್ಶನ. ಅಲ್ಲಿ ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲ. ಆದಕಾರಣ ಪೂರ್ವಿಕರು ಒಂದರ ಕೋಡಿಯ ನೀರು ಮತ್ತೊಂದಕ್ಕೆ ಸೇರುವಂತೆ ಸಾಲುಸಾಲಾಗಿ ಕೆರೆಗಳನ್ನು ಕಟ್ಟಿದರು. ತೂಬನ್ನು ತೆರೆದು ಮುಚ್ಚಿ, ಗದ್ದೆಗದ್ದೆಗೆ ನೀರನ್ನು ಹಂಚುವುದಕ್ಕೆ ನೀರುಗಂಟಿಯೆಂಬವನಿದ್ದನು. ಕಾಲಕ್ರಮದಲ್ಲಿ ಕೆರೆಗಳಲ್ಲಿ ಹೂಳು ತುಂಬಿತು, ಕಾಲುವೆಗಳು ಒತ್ತುವರಿಯಾದವು, ಕೊಳವೆಬಾವಿಗಳು ಬಂದವು. ಹೊಲಗಳಲ್ಲಿ ನೀಲಗಿರಿಯ ತೋಪುಗಳು ಹಬ್ಬಿದವು. ಅದನ್ನು ಹೊಸದಾಗಿ ನೆಡಬಾರದೆಂದು ಸರಕಾರವು 2017ರಲ್ಲಿ ಆಜ್ಞೆ ಮಾಡಬೇಕಾಯಿತು. ಹಣವುಳ್ಳವರು 1,000 ಅಡಿಗೂ ಮೀರಿ ಕೊರೆಯಿಸಿದರು. ಬಡವರ ತೆರೆದ ಬಾವಿಗಳು ಬತ್ತಿಹೋದವು. ಕೋಲು ಹಿಡಿದು ಓಡಿಸುವ ಕುರುಬರು ಇಲ್ಲಿಲ್ಲ. ಆದರೆ ಮೊದಲು ಬಂದವಳು ಬರಿಗೊಡದೊಡನೆ ಹಿಂದಿರುಗುವುದು ಮಾತ್ರ ತಪ್ಪಲಿಲ್ಲ. ಆಳದಿಂದ ಬಂದ ನೀರಿನಲ್ಲಿ ಅನೇಕ ಕಡೆ ಫ್ಲೋರೈಡ್ ಅಧಿಕ. ಅದು ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಿದರೆ ಮಕ್ಕಳ ಹಲ್ಲುಗಳು ಕಂದುಗಟ್ಟುವವು; ಇನ್ನೂ ಹೆಚ್ಚಾಗಿ ಬಹುಕಾಲ ಕುಡಿದರೆ ಎಲುಬುಗಳೇ ಕೆಡುವವು. ಭೂಮಿಗೆ ಮಾಡಿದ ಅನ್ಯಾಯವೂ ಬಡವರಿಗೆ ಮಾಡಿದ ಅನ್ಯಾಯವೂ ಇಲ್ಲಿ ಎರಡಲ್ಲ, ಒಂದೇ.

2018ರಿಂದ ಬೆಂಗಳೂರು ನಗರವು ಬಳಸಿಬಿಟ್ಟ ನೀರನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಬತ್ತಿದ ಕೆರೆಗಳು ತುಂಬಿದುದನ್ನು ಕಂಡು ಸಂತೋಷಪಡುವವರೂ ಇದ್ದಾರೆ. ಇನ್ನೊಂದು ಹಂತದ ಶುದ್ಧಿಯಾಗದೆ ಕಳುಹಿಸಬಾರದೆಂದು ಬೇಡುವವರೂ ಇದ್ದಾರೆ. ಈ ಬೇಡಿಕೆಯು ನ್ಯಾಯವಾದುದೆಂದೇ ನಮ್ಮ ಅಭಿಪ್ರಾಯ. ಪ್ರವಾದಿಯಾದ ಯೆಹೆಜ್ಕೇಲನು ತನ್ನ 34ನೆಯ ಅಧ್ಯಾಯದಲ್ಲಿ, ತಿಳಿನೀರನ್ನು ತಾವು ಕುಡಿದು ಉಳಿದುದನ್ನು ಕಾಲಿನಿಂದ ಕದಡುವ ಕೊಬ್ಬಿದ ಕುರಿಗಳನ್ನು ದೇವರ ಹೆಸರಿನಲ್ಲಿ ಗದರಿಸಿದ್ದಾನೆ. ನಗರದಲ್ಲಿ ವಾಸಿಸುವ ನಮಗೆ ಅದಕ್ಕಿಂತ ಸ್ಪಷ್ಟವಾದ ಎಚ್ಚರಿಕೆ ಬೇಕೇ? 2024ರ ಮಾರ್ಚಿಯಲ್ಲಿ, ಕುಡಿಯುವ ನೀರಿನಿಂದ ವಾಹನ ತೊಳೆಯುವವರಿಗೆ 5,000 ರೂಪಾಯಿ ದಂಡವನ್ನು ವಿಧಿಸುವುದಾಗಿ ಬೆಂಗಳೂರಿನ ಜಲಮಂಡಲಿಯು ಸಾರಬೇಕಾಯಿತು. ಮನಸ್ಸಾಕ್ಷಿಯು ಮಾಡಬೇಕಾದ ಕೆಲಸವನ್ನು ದಂಡವು ಮಾಡಬೇಕಾಗಿ ಬಂದುದು ವಿಷಾದಕರವೇ ಸರಿ.

ಹೊಟ್ಟೆಗಿಲ್ಲದವರ ಮುಂದೆ ಕೆರೆ ಮರಗಳ ಮಾತೇಕೆ, ಮೊದಲು ಮನುಷ್ಯನು, ಆಮೇಲೆ ಮಣ್ಣು ಎಂದು ಕೆಲವರು ಆಕ್ಷೇಪಿಸಬಹುದು. ಯಾಜಕಕಾಂಡದ 25ನೆಯ ಅಧ್ಯಾಯವು ಹಾಗೆ ಬೇರ್ಪಡಿಸುವುದಿಲ್ಲ. ಏಳನೆಯ ವರ್ಷ ಹೊಲಕ್ಕೆ ವಿಶ್ರಾಂತಿ. ತಾನಾಗಿ ಬೆಳೆದುದು ಯಜಮಾನನಿಗೂ ಆಳಿಗೂ ಪರದೇಶಿಗೂ ಪಶುಗಳಿಗೂ ಕಾಡುಮೃಗಗಳಿಗೂ ಆಹಾರ. ಅದೇ ಅಧ್ಯಾಯದಲ್ಲಿಯೇ ಕಳೆದುಹೋದ ಭೂಮಿಯನ್ನು ಬಡವನಿಗೆ ಹಿಂದಕ್ಕೆ ಕೊಡಿಸುವ ವಿಧಿಯೂ ಇದೆ. ಎರಡಕ್ಕೂ ಕಾರಣವೊಂದೇ: ಭೂಮಿಯು ದೇವರದು, ನಾವು ಅದರಲ್ಲಿ ಪ್ರವಾಸಿಗಳು. ಒಕ್ಕಲಾಗಿ ಬಂದವನು ಒಡೆಯನ ಬಾವಿಯನ್ನು ಬರಿದುಮಾಡಿ ಹೋಗಬಹುದೇ?

ಇದನ್ನು ಆಚರಣೆಗೆ ತರುವುದಕ್ಕೆ ದೊಡ್ಡ ಐಶ್ವರ್ಯವೇನೂ ಬೇಕಿಲ್ಲ. ದೇವಾಲಯಗಳ ಮತ್ತು ಶಾಲೆಗಳ ವಿಶಾಲವಾದ ಮಾಡುಗಳ ಮೇಲೆ ಬಿದ್ದ ಮಳೆಯು ಚರಂಡಿಗೆ ಹೋಗದೆ ತೊಟ್ಟಿಗೋ ಇಂಗುಗುಂಡಿಗೋ ಸೇರಲಿ. ಸಭೆಯ ಹಿತ್ತಲಿನಲ್ಲಿ ಕೊಳವೆಬಾವಿಯನ್ನು ಕೊರೆಯಿಸುವ ಮೊದಲು ಬೇಲಿಯಾಚೆಯ ಬಾವಿ ಏನಾಗುವುದೆಂದು ಪಂಚಾಯಿತರು ವಿಚಾರಿಸಲಿ. ಸುಗ್ಗಿಯ ಸ್ತೋತ್ರಾರಾಧನೆಗೆ ಪ್ರಥಮಫಲವನ್ನು ತರುವವರು ಆ ಫಲವನ್ನು ಬೆಳೆಸಿದ ಕೆರೆಯ ಹೂಳನ್ನು ತೆಗೆಯುವ ದಿನವೂ ಬರಲಿ. ಮನೆಯಲ್ಲಿ ನೀರು ಹೊರುವ ಕೆಲಸವು ಮಗಳೊಬ್ಬಳದೇ ಎಂಬ ರೂಢಿಯನ್ನು ತಂದೆತಾಯಿಗಳು ಬಿಡಲಿ. ಗಂಡುಮಗನ ಹೆಗಲಿಗೂ ಬಲವುಂಟು. ನೀರಿನ ಸಾಲಿನಲ್ಲಿ ನಿಂತು ಹುಡುಗಿಯು ಕಳೆದುಕೊಂಡ ಒಂದು ಗಂಟೆಯು ಪಾಠದಿಂದ ಕಳೆದುಹೋದ ಒಂದು ಗಂಟೆಯೇ ಆಗಿದೆ.

ಈ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಉಪಾಧ್ಯಾಯಿನಿಯರೂ ದಾದಿಯರೂ ಗೃಹಿಣಿಯರೂ ಪಂಚಾಯತಿಯ ಸದಸ್ಯೆಯರೂ ಇರುವುದರಿಂದ ಅವರಿಗೆ ನಮ್ಮ ವಿಜ್ಞಾಪನೆಯಿಷ್ಟೆ: ಒಂದು ಬಟ್ಟಲು ತಣ್ಣೀರನ್ನು ಕೊಟ್ಟವನಿಗೂ ಪ್ರತಿಫಲ ತಪ್ಪದೆಂದು ನಮ್ಮ ಕರ್ತನು ಹೇಳಿದ್ದಾನೆ. ಕೊಡುವುದಕ್ಕೆ ಬಟ್ಟಲಿನಲ್ಲಿ ನೀರಿರಬೇಕು, ಆ ನೀರು ಶುದ್ಧವಾಗಿರಬೇಕು, ಮತ್ತೊಬ್ಬರಿಂದ ಕಸಿದುದಾಗಿರಬಾರದು. ನಮ್ಮ ಊರುಗಳ ಹೆಣ್ಣುಮಕ್ಕಳು ತುಂಬಿದ ಕೊಡಗಳೊಡನೆ ಬೇಗನೆ ಮನೆಗೆ ಬರುವುದು ಯಾರಿಗೂ ಆಶ್ಚರ್ಯವೆನಿಸದ ದಿನವನ್ನು ದೇವರು ಅನುಗ್ರಹಿಸಲಿ. ಅದಕ್ಕಾಗಿ ಎದ್ದು ನಿಲ್ಲುವ ಧೈರ್ಯವನ್ನು ನಮಗೆ ದಯಪಾಲಿಸಲಿ.