ಪುಕ್ಕಟೆ ಬರೋ ಜವಳು ಜಾಗ: ಪುರಸಭೆ ತಗೋಬೇಕೋ, ಬ್ಯಾಡೋ?

ಯಾರಾದರೂ ಪುರಸಭೆಗೆ ಬಂದು, "ಹಳ್ಳದ ದಂಡೆಗಿರೋ ನಮ್ಮ ಎರಡೆಕರೆ ಜವಳು ಹೊಲ ಊರಿಗೆ ದಾನ ಕೊಡ್ತೀವಿ, ಬರಕೊಳ್ರಿ" ಅಂದರೆ ಏನು ಮಾಡಬೇಕು? "ಪುಕ್ಕಟೆ ಬಂದದ್ದು ಯಾಕೆ ಬಿಡಬೇಕು" ಅನ್ನೋರು ಒಂದು ಕಡೆ, "ಬೆಳೆ ಬಾರದ ಜಾಗ ತಗೊಂಡು ಸೊಳ್ಳೆ ಸಾಕೋದಾ" ಅನ್ನೋರು ಇನ್ನೊಂದು ಕಡೆ. ಇಬ್ಬರ ಮಾತಿನಲ್ಲೂ ಖರೇ ಐತಿ.

ಮಲಪ್ರಭಾ ಭಾಗದ ರೈತರಿಗೆ ಸವಳು-ಜವಳು ಅಂದರೇನು ಅಂತ ಹೇಳಿಕೊಡಬೇಕಾಗಿಲ್ಲ. ರೈತನಿಗೆ ಅದು ನಷ್ಟದ ಹೊಲ. ಆದರೆ ಊರಿಗೆ ಅದೇ ಜಾಗ ಮಳೆನೀರು ನಿಲ್ಲೋ ತಾವು. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಡ್ಯಾಮಿನಿಂದ ನೀರು ಬಿಟ್ಟಾಗ ರಾಮದುರ್ಗದೊಳಗೆ ನೀರು ನುಗ್ಗಿದ್ದು ಯಾರೂ ಮರೆತಿಲ್ಲ. ಅಂಥ ದೊಡ್ಡ ಹೊಳಿಯನ್ನು ಎರಡೆಕರೆ ಜಾಗ ತಡೆಯಲ್ಲ. ಆದರೆ ಊರಿನ ಸ್ವಂತ ಮಳೆನೀರು, ಗಟಾರದ ನೀರು ತಗ್ಗಿಗೆ ಹರಿದು ಹೋಗಲೇಬೇಕು. ಆ ತಗ್ಗಿಗೆ ಮಣ್ಣು ತುಂಬಿ ಸೈಟು ಮಾಡಿದರೆ ನೀರು ಪೇಟೆಗೇ ತಿರುಗತೈತಿ. ಆಗ ತೊಯ್ಯೋದು ಅಂಗಡಿಕಾರರ ಮಾಲು.

ಇನ್ನು ಕಾನೂನು. 1882ರ ಆಸ್ತಿ ವರ್ಗಾವಣೆ ಕಾಯ್ದೆ ಪ್ರಕಾರ ಜಮೀನಿನ ದಾನಪತ್ರ ರಿಜಿಸ್ಟರ್ ಆಗಬೇಕು, ಇಬ್ಬರು ಸಾಕ್ಷಿ ಬೇಕು. ಕೊಟ್ಟವರು ಬದುಕಿದ್ದಾಗಲೇ ಪಡೆಯೋರು ಒಪ್ಪಿಕೊಳ್ಳಬೇಕು. ಹಂಗಾಗಿ "ಮುಂದಿನ ಸಭೆಗೆ ನೋಡೋಣ" ಅಂತ ವರ್ಷಗಟ್ಟಲೆ ಎಳೆದರೆ ದಾನವೇ ಬಿದ್ದುಹೋಗಬಹುದು. ಅದೇ ಕಾಯ್ದೆ ಇನ್ನೊಂದು ಮಾತೂ ಹೇಳತೈತಿ: ಒಂದೇ ದಾನದಲ್ಲಿ ಲಾಭದ ಆಸ್ತಿ, ಹೊರೆಯ ಆಸ್ತಿ ಕೂಡಿ ಬಂದರೆ ಲಾಭದ್ದಷ್ಟೇ ಆರಿಸಿಕೊಳ್ಳೋಕೆ ಬರಲ್ಲ. ತಗೊಂಡರೆ ಎಲ್ಲಾ ತಗೋಬೇಕು.

ತಗೊಂಡ ಮೇಲೆ ಏನಾಗತೈತಿ ಅನ್ನೋದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಅದಾವ. ಮೈಸೂರಿನ ಕಾರಂಜಿ ಕೆರೆ 1970ರ ದಶಕದಲ್ಲಿ ಮೃಗಾಲಯದ ಕೈಗೆ ಬಂತು. ಬಂದ ಮೇಲೂ ಕೊಳಚೆ ಸೇರಿ ಕೆರೆ ಕೆಟ್ಟಿತ್ತು. ಸಾಲದ ಯೋಜನೆಯಿಂದ ದುಡ್ಡು ಬಂದ ಮೇಲೆ ದುರಸ್ತಿ ಆಯಿತು. ಈಗ ಜನ ಟಿಕೆಟ್ ತಗೊಂಡು ಹಕ್ಕಿ ನೋಡತಾರ. ಬೆಂಗಳೂರಿನಲ್ಲಿ ಉಲ್ಟಾ. ಕೆರೆ ನೋಡಿಕೊಳ್ಳಬೇಕಾದ ಪ್ರಾಧಿಕಾರವೇ ಹೆಬ್ಬಾಳ, ನಾಗವಾರ ಕೆರೆಗಳನ್ನು ಖಾಸಗಿ ಕಂಪನಿಗಳಿಗೆ ಲೀಸಿಗೆ ಕೊಟ್ಟಿತು, ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಅಂದರೆ ಉತಾರದಾಗ ಸರ್ಕಾರದ ಹೆಸರು ಬಂದ ಮಾತ್ರಕ್ಕೆ ಜಾಗ ಉಳಿಯಲ್ಲ.

ನಮ್ಮ ಹತ್ತಿರದ ಗದಗ ಜಿಲ್ಲೆ ಮಾಗಡಿ ಕೆರೆ ನೋಡ್ರಿ. ಸುಮಾರು 50 ಹೆಕ್ಟೇರಿನ, ಜನರೇ ನೀರಾವರಿಗೆ ಕಟ್ಟಿದ ಕೆರೆ. ಚಳಿಗಾಲಕ್ಕೆ ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರತಾವ. 2024ರ ಜನವರಿಯಲ್ಲಿ ಅದಕ್ಕೆ ರಾಮ್‌ಸಾರ್ ಮನ್ನಣೆ ಸಿಕ್ಕಿತು. ಆದರೆ ಎಲ್ಲಾ ತಗ್ಗಿಗೂ ಆ ರಕ್ಷಣೆ ಇಲ್ಲ. 2017ರ ಕೇಂದ್ರದ ನಿಯಮ ಒತ್ತುವರಿ, ಕಸ ಸುರಿಯೋದು ಬ್ಯಾಡ ಅನ್ನೋದು ರಾಮ್‌ಸಾರ್ ಪಟ್ಟಿಯಲ್ಲಿರೋ, ಇಲ್ಲವೇ ಸರ್ಕಾರ ಅಧಿಸೂಚನೆ ಹೊರಡಿಸಿದ ಜೌಗು ಜಾಗಕ್ಕೆ ಮಾತ್ರ. ದಾನ ಬಂದ ಎರಡೆಕರೆಗೆ ತಾನಾಗೇ ಅದು ಅನ್ವಯ ಆಗಲ್ಲ. ಏನು ರಕ್ಷಣೆ ಬೇಕೋ ದಾನಪತ್ರದಾಗ, ಠರಾವಿನಾಗ ನಾವೇ ಬರೆಸಬೇಕು.

ಠರಾವಿಗೆ ಕೈ ಎತ್ತೋ ಮುಂಚೆ ಸದಸ್ಯರು ಇಷ್ಟು ಕೇಳಲಿ:

1. ಮೋಜಣಿ ಆಗಿ ಹದ್ದುಬಸ್ತು ಮಾಡಿದಾರಾ? ಒತ್ತುವರಿ, ಬ್ಯಾಂಕಿನ ಬೋಜಾ, ಕೋರ್ಟ್ ತಕರಾರು ಏನಾದರೂ ಐತಾ?

2. ಕೊಟ್ಟವರ ಪಕ್ಕದ ಜಮೀನಿಗೆ ಲೇಔಟ್ ಬರೋದೈತಾ? ಕಾಯ್ದೆ ಪ್ರಕಾರ ಬಿಡಲೇಬೇಕಾದ ಪಾರ್ಕ್ ಜಾಗವನ್ನೇ ದಾನ ಅಂತ ತೋರಿಸ್ತಿಲ್ಲ ತಾನೆ?

3. ತಂತಿಬೇಲಿ, ಹೂಳು ತೆಗೆಯೋ ಖರ್ಚು ಪ್ರತಿ ವರ್ಷ ಯಾವ ಲೆಕ್ಕದಿಂದ?

4. ಗಟಾರದ ಕೊಳಚೆ ಅಲ್ಲಿಗೆ ಸೇರದಂಗೆ ಏನು ವ್ಯವಸ್ಥೆ?

5. ಮುಂದೆ ಅಲ್ಲಿ ಮಳಿಗೆ, ಸಮುದಾಯ ಭವನ ಕಟ್ಟಲ್ಲ ಅಂತ ಬರೆದು ಕೊಡತಾರಾ?

ಐದನೇದು ಬಾಳ ಮುಖ್ಯ. ಖಾಲಿ ಜಾಗ ಕಂಡರೆ ಕಾಂಪ್ಲೆಕ್ಸ್ ಕಟ್ಟೋಣ ಅನ್ನೋ ಆಸೆ ಯಾವ ಪಕ್ಷದವರಿಗೂ ತಪ್ಪಿದ್ದಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಈ ಐದಕ್ಕೂ ಕಾಗದದ ಮೇಲೆ ಉತ್ತರ ಇದ್ದರೆ ತಗೊಳ್ಳಲಿ. ನೀರು ಇಂಗಿದರೆ ಅಕ್ಕಪಕ್ಕದ ಬೋರಿಗೂ ಅನುಕೂಲ. ಉತ್ತರ ಇಲ್ಲದಿದ್ದರೆ ನಾಲ್ಕು ವರ್ಷದಲ್ಲಿ ಅದು ಕಸದ ಗುಂಡಿ ಆಗತೈತಿ, ಖರ್ಚು ನಮ್ಮ ಕರದ ದುಡ್ಡಿನಿಂದಲೇ ಹೋಗತೈತಿ. ನಿಮ್ಮ ವಾರ್ಡಿನ ಸದಸ್ಯರು ಸಿಕ್ಕಾಗ ಒಂದು ಮಾತು ಕೇಳಿ ನೋಡ್ರಿ.